ಕೆಜಿಎಫ್ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದೀರಾ?

‘ಪಾಪ ಮಕ್ಕಳು!’ ಎನ್‌ಎಸ್‌ಎಸ್ ವಿದ್ಯಾರ್ಥಿಗಳನ್ನು ಕೆಜಿಎಫ್‌ಗೆ ಕರೆದೊಯ್ದಾಗಲೆಲ್ಲ ಮೊದಲ ದಿನದ ಡೈರಿಯಲ್ಲಿ ಈ ಮಾತು ಇದ್ದೇ ಇರುತ್ತದೆ. ತುಕ್ಕು ಹಿಡಿದ ಶಾಫ್ಟ್, ತಗಡಿನ ಮಾಡಿನ ಲೈನ್ ಮನೆಗಳು, ಗೆದ್ದಲು ಹತ್ತಿದ ಬಾಗಿಲು ನೋಡಿ ಬರೆದದ್ದು. ಇಲ್ಲಿನ ಕೋಲಾರ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಈಗ ಶಾಲೆಯಲ್ಲಿರುವ ಯಾವ ಮಗುವೂ ಅದು ನಡೆಯುತ್ತಿದ್ದುದನ್ನು ಕಂಡಿಲ್ಲ. ಕಾಣದ್ದನ್ನು ಕಳೆದುಕೊಂಡ ದುಃಖ ಅವರ ಮುಖದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾದರೆ ಹೋಗಿ ಏನು ಮಾಡಬೇಕು? ಹಲವು ವರ್ಷ ಎಡವಿ ಕಲಿತದ್ದು ಇಲ್ಲಿದೆ.

ಹೊರಡುವ ಮುನ್ನ

ಶಾಲೆಯೊಳಗೆ ಕೆಲಸ ಮಾಡುವುದಾದರೆ ಕಾಲೇಜಿನ ಪತ್ರ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ ಪಡೆಯಿರಿ, ಮುಖ್ಯ ಶಿಕ್ಷಕರನ್ನು ಖುದ್ದಾಗಿ ಕಾಣಿರಿ. ಇದಕ್ಕೆ ಎರಡು ವಾರ ಇಟ್ಟುಕೊಳ್ಳಿ.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಯ ನಿತ್ಯ ಚಟುವಟಿಕೆ ಒಂದು, ಏಳು ದಿನದ ವಿಶೇಷ ಶಿಬಿರ ಇನ್ನೊಂದು. ಚರಂಡಿ ತೆಗೆಯಲು, ಗಿಡ ನೆಡಲು ಶಿಬಿರ ಸರಿ. ಮಕ್ಕಳೊಂದಿಗಿನ ಕೆಲಸಕ್ಕೆ ಅದು ಒಗ್ಗದು. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಬಸ್ಸು ಹತ್ತಿರುತ್ತೀರಿ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ತಪ್ಪದೆ ಹೋಗಿ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಬಂಗಾರಪೇಟೆ ಮೂಲಕ ಕೆಜಿಎಫ್‌ನ ಮಾರಿಕುಪ್ಪಂಗೆ ರೈಲಿದೆ. ವಾಪಸು ರೈಲಿನ ಹೊತ್ತು ಮೊದಲೇ ನೋಡಿಕೊಂಡಿರಿ.

ಮೊದಲ ದಿನ ಪಾಠ ಬೇಡ

ಚಾರ್ಟು, ಬಣ್ಣದ ಪೆನ್ನು ಚೀಲದಲ್ಲೇ ಇರಲಿ. ‘ನಿಮ್ಮ ಬೀದಿ ತೋರಿಸಿ’ ಎಂದು ಕೇಳಿ. ಯಾವ ಶಾಫ್ಟಿಗೆ ಯಾವ ಹೆಸರು, ಯಾವ ಅಜ್ಜಿ ಬೈಯುತ್ತಾರೆ, ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಎಲ್ಲ ಅವರೇ ಹೇಳುತ್ತಾರೆ. ಅಂದು ನೀವು ಶಿಷ್ಯರು. ಆದರೆ ಸೈನೈಡ್ ಗುಡ್ಡದ ಕಡೆಗೆ ಮಾತ್ರ ಮಕ್ಕಳನ್ನು ಕರೆದೊಯ್ಯಬೇಡಿ. ಸಿನಿಮಾದಲ್ಲಿ ಕಂಡ ಜಾಗವೆಂದು ಸೆಲ್ಫಿ ಆಸೆ ಹುಟ್ಟುತ್ತದೆ, ನಿಜ. ಅದು ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಗಾಳಿ ಬೀಸಿದರೆ ಆ ದೂಳು ನೇರ ಮೂಗಿಗೆ.

ಲೆಕ್ಕ ಯಾವ ಭಾಷೆಯಲ್ಲಿ?

ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೂಡುವ ಲೆಕ್ಕದಲ್ಲಿ ತಡವರಿಸುತ್ತಿದ್ದಳು. ಸೊಂಟದಲ್ಲಿ ತಮ್ಮ, ಕೈಯಲ್ಲಿ ಸ್ಲೇಟು. ನಮ್ಮ ವಿದ್ಯಾರ್ಥಿನಿ ‘ವೀಕ್’ ಎಂದು ಬರೆದುಕೊಂಡೇ ಬಿಟ್ಟಳು. ಹತ್ತಿರ ಕೂತು ಕಿವಿಗೊಟ್ಟರೆ, ಹುಡುಗಿ ಬಾಯೊಳಗೇ ‘ಒಣ್ಣು, ರೆಂಡು, ಮೂಣು’ ಎಂದು ಬೆರಳೆಣಿಸಿ, ಬಂದ ಉತ್ತರವನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದಳು. ಉತ್ತರ ಸರಿಯೇ ಇತ್ತು. ತಡವಾದದ್ದು ಭಾಷೆ ದಾಟುವುದಕ್ಕೆ. ಆದ್ದರಿಂದ ಒಂದರಿಂದ ನೂರರವರೆಗೆ ತಮಿಳು ಎಣಿಕೆಯನ್ನು ನೀವೇ ಮೊದಲು ಕಲಿಯಿರಿ. ನೀವು ತಪ್ಪು ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಮಾತು ಅಲ್ಲಿಂದಲೇ ಶುರು. ಅಕ್ಕ ಎಂಬುದು ಕನ್ನಡ, ತಮಿಳು, ತೆಲುಗು ಮೂರಕ್ಕೂ ಒಂದೇ, ಅದೊಂದು ಅನುಕೂಲ.

ಮನೆಯವರು

ಅಪ್ಪ ಅಮ್ಮಂದಿರಲ್ಲಿ ಬಹಳಷ್ಟು ಜನ ನಸುಕಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರು. ‘ಪೋಷಕರಿಗೆ ಕಾಳಜಿ ಇಲ್ಲ’ ಎಂದು ವರದಿಯಲ್ಲಿ ಗೀಚುವ ಮುನ್ನ ಒಂದು ಭಾನುವಾರ ಹೋಗಿ ನೋಡಿ. ಉಳಿದ ದಿನ ಮನೆಯಲ್ಲಿ ಸಿಗುವವರು ತಾತಂದಿರು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ಗೆ ಇಳಿದವರು ಸಿಕ್ಕರೆ ಮಕ್ಕಳ ನಡುವೆ ಕೂರಿಸಿ. ಸಿಲಿಕೋಸಿಸ್‌ನಿಂದ ಉಸಿರು ಕಟ್ಟುವವರಿದ್ದಾರೆ, ಹತ್ತು ನಿಮಿಷ ಸಾಕು. ನೀವು ಹೇಳಬೇಕಾದದ್ದೂ ಇದೆ: ಶಿವನಸಮುದ್ರದ ಕರೆಂಟು ಈ ಊರಿಗೆ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯಾಳದಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಸುಳಿವು ಹಿಡಿದರು. ಬೆಂಗಳೂರಿನಿಂದ ಬಂದ ಅಣ್ಣನ ಬಾಯಲ್ಲಿ ಇದನ್ನು ಕೇಳುವಾಗ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ಮಾಡಬಾರದ್ದು

ಚಾಕಲೇಟ್ ಹಂಚಬೇಡಿ. ನಾನು ಮೊದಲ ದಿನವೇ ಹಂಚಿ ವರ್ಷವಿಡೀ ‘ಚಾಕ್ಲೇಟ್ ಅಕ್ಕ’ ಆದೆ. ಚೀಲ ಖಾಲಿ ಇದ್ದ ದಿನ ಅರ್ಧ ಮಕ್ಕಳು ಬರಲೇ ಇಲ್ಲ. ಮಕ್ಕಳ ಮುಖವಿರುವ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. ಯಾವುದಾದರೂ ಮಗು ‘ಯಾರಿಗೂ ಹೇಳಬೇಡ ಅಕ್ಕ’ ಎಂದರೆ ಆಣೆ ಮಾಡಬೇಡಿ. ಹಿಂಸೆಯ ಮಾತಾದರೆ ಅಂದೇ ನಿಮ್ಮ ಅಧಿಕಾರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಸುಮ್ಮನಿರಲು 2012ರ ಪೋಕ್ಸೊ ಕಾಯ್ದೆ ಯಾರನ್ನೂ ಬಿಡುವುದಿಲ್ಲ.

ಹೊರಡುವ ದಿನಾಂಕ

ನೀವು ಬರುವುದನ್ನು ನಿಲ್ಲಿಸುವ ದಿನವನ್ನು ಕೊನೆಗೆ ಹೇಳುವುದಲ್ಲ, ಎರಡನೇ ಶನಿವಾರವೇ ಹೇಳಿ. ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಿ, ಬರುವ ದಿನಗಳಿಗೆಲ್ಲ ಸುತ್ತು ಹಾಕಿ. ಬರಲಾಗದಿದ್ದರೆ ಶುಕ್ರವಾರವೇ ಶಿಕ್ಷಕರಿಗೆ ಫೋನ್ ಮಾಡಿ. ಒಮ್ಮೆ ರೈಲು ತಪ್ಪಿ ಒಂದು ಗಂಟೆ ತಡವಾಗಿ ಹೋದೆವು. ಐದನೆಯ ತರಗತಿಯ ಹುಡುಗನೊಬ್ಬ ನಮ್ಮ ಹಾಜರಿ ಪುಸ್ತಕ ತೆರೆದು ಕೂತಿದ್ದ. ನಮ್ಮ ಆರೂ ಜನರ ಹೆಸರು ಬರೆದು, ಮುಂದೆ ಕೆಂಪು ಪೆನ್ನಲ್ಲಿ ‘ಆ’ ಹಾಕಿದ್ದ. ಆಬ್ಸೆಂಟ್ ಅಂತ. ಅಳಿಸು ಎಂದರೆ ಒಪ್ಪಲೇ ಇಲ್ಲ.