ಚಳಿಗಾಲದಲ್ಲಿ ಹುಳು ಮನೆಗೆ ಶಾಖ ಕೊಡುವ ಬಗೆ



ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ಆನೇಕಲ್, ಸರ್ಜಾಪುರದ ಕಡೆ ಬೆಳಗಿನ ಜಾವದ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿಯುವುದುಂಟು. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ನಾವು ಕಂಬಳಿ ಹೊದೆಯಬಹುದು. ರೇಷ್ಮೆ ಹುಳುವಿನ ಮೈಗೆ ಸ್ವಂತ ಶಾಖವಿಲ್ಲ. ಮನೆ ಎಷ್ಟು ಬೆಚ್ಚಗಿದೆಯೋ ಅದೂ ಅಷ್ಟೇ ಬೆಚ್ಚಗಿರುತ್ತದೆ.

ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಶಾಖ ಬೇಕು. ಮೂರನೆಯ ಹಂತಕ್ಕೆ 26, ನಾಲ್ಕಕ್ಕೆ 25, ಐದಕ್ಕೆ 24 ಸಾಕು. 20ಕ್ಕಿಂತ ಕೆಳಗೆ ಹೋದರೆ ಹುಳು ಮಂಕಾಗುತ್ತದೆ, ಸೊಪ್ಪು ತಿನ್ನುವುದಿಲ್ಲ, ಜ್ವರ ಏಳುವುದು ತಡವಾಗುತ್ತದೆ. ಒಂದು ಬೆಳೆ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಐದನೆಯ ಹಂತಕ್ಕೇ ಹೋಗುತ್ತದೆ. ಆ ಹಂತ ನಾಲ್ಕು ದಿನ ಎಳೆದರೆ ತೋಟದಲ್ಲಿ ಸೊಪ್ಪು ಸಾಲದು. ಚಳಿಗೆ ಗಿಡವೂ ನಿಧಾನವಾಗಿ ಚಿಗುರುತ್ತದೆ. ಕೋಣಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾದ ಮೇಲೆ ಈ ಸೀಮೆಯಲ್ಲಿ ತೋಟಗಳು ಕಿರಿದಾಗಿವೆ; ಅರ್ಧ ಎಕರೆಯವನಿಗೆ ಒಂದು ಬೆಳೆ ಕೆಟ್ಟರೂ ದೊಡ್ಡ ಪೆಟ್ಟೇ.

ಮೊದಲು ಮನೆಯನ್ನು ಸಜ್ಜು ಮಾಡಬೇಕು. ಹಿಂದಿನ ಬೆಳೆಯ ಕಸ ತೆಗೆದು, 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಗೋಡೆ, ನೆಲ, ತಟ್ಟೆಗಳಿಗೆ ಸಿಂಪಡಿಸಿರಿ. ಉತ್ತರದ ಕಿಟಕಿಗೆ ರಾತ್ರಿ ಗೋಣಿ ಪರದೆ ಕಟ್ಟಿರಿ. ಶೀಟಿನ ಮನೆಯಾದರೆ ಒಳಗೆ ಚಾಪೆಯ ಅಟ್ಟಣೆ ಹೊಡೆಯಿರಿ, ಏಕೆಂದರೆ ಶೀಟು ಹಗಲು ಕಾದಷ್ಟೇ ಬೇಗ ರಾತ್ರಿ ತಣಿಯುತ್ತದೆ. ಉಷ್ಣಮಾಪಕವನ್ನು ಒಲೆಯ ಬಳಿ ಬೇಡ, ಹುಳುವಿನ ತಟ್ಟೆಯ ಮಟ್ಟದಲ್ಲಿ ತೂಗುಹಾಕಿರಿ. ಚಾಕಿ ಕೇಂದ್ರದಿಂದ ಹುಳು ತರುವವರು ಹಿಂದಿನ ದಿನವೇ ಮನೆ ಕಾಯಿಸಿಟ್ಟಿರಬೇಕು. ಬೆಚ್ಚಗೆ ಬೆಳೆದ ಹುಳುವನ್ನು ತಣ್ಣನೆ ಮನೆಗೆ ಇಳಿಸಬಾರದು.

ಇನ್ನು ಬೆಂಕಿಯ ಮಾತು. ವಿದ್ಯುತ್ ಹೀಟರು ಎಲ್ಲಕ್ಕಿಂತ ಒಳ್ಳೆಯದೆಂದು ನನ್ನ ಅಭಿಪ್ರಾಯ. 1,000 ವಾಟಿನದು ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಅಷ್ಟು ಖರ್ಚು ಉಂಟು, ಹೊಗೆ ಮಾತ್ರ ಇಲ್ಲ. ಇದ್ದಿಲೇ ಗತಿಯಾದರೆ ಅಗ್ಗಿಷ್ಟಿಕೆಯನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆ ಪೂರ್ತಿ ಆರಿ ಕೆಂಡ ಕೆಂಪಗಾದ ಮೇಲೆ ಒಳಗಿಡಿರಿ. ಹೊಗೆ ಹುಳುವಿಗೆ ಆಗದು.

ಹೊಗೆ ಆರಿತೆಂದು ಮೈಮರೆಯಬೇಡಿ. ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬರುತ್ತವೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದೆ ಪ್ರಾಣ ಹೋಗಬಹುದು. "ನಮ್ಮಜ್ಜಿ ಕಾಲದಿಂದ ಹುಳುವಿನ ಪಕ್ಕದಲ್ಲೇ ಕೆಂಡ ಇಟ್ಕೊಂಡು ಮಲಗಿದ್ದೇವೆ, ಏನಾಯ್ತು ಸ್ವಾಮಿ?" ಎಂದು ಹಿರಿಯರು ಕೇಳುತ್ತಾರೆ. ಅಜ್ಜಿಯ ಮನೆ ಹೆಂಚಿನದು. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ಈಗಿನದು ಆರ್‌ಸಿಸಿ ತಾರಸಿ, ಗಾಜಿನ ಕಿಟಕಿ. ವಾಯು ಹೋಗಲು ದಾರಿಯೇ ಇಲ್ಲ. ಆದ್ದರಿಂದ ಎದುರುಬದುರಿನ ಎರಡು ಗವಾಕ್ಷಿಗಳು ಸದಾ ತೆರೆದಿರಲಿ, ಕೆಂಡವಿರುವ ಕೋಣೆಯಲ್ಲಿ ಮಕ್ಕಳಾಗಲಿ ದೊಡ್ಡವರಾಗಲಿ ಮಲಗಕೂಡದು. ರಾತ್ರಿ ಸೊಪ್ಪು ಹಾಕುವವರು ಕೆಲಸ ಮುಗಿಸಿ ಹೊರಬರಲಿ. ಯಾರಾದರೂ ತಲೆಸುತ್ತಿ ಬಿದ್ದರೆ ತಕ್ಷಣ ಬಯಲಿಗೆ ಎತ್ತಿತಂದು 108ಕ್ಕೆ ಫೋನು ಮಾಡಿ.

ಬೆಂಕಿ ಗಾಳಿಯ ತೇವವನ್ನು ಹೀರುತ್ತದೆ. ಚಾಕಿಗೆ ನೂರಕ್ಕೆ 85ರಷ್ಟು ತೇವ ಬೇಕಾದ್ದರಿಂದ ಅಗ್ಗಿಷ್ಟಿಕೆಯ ಮೇಲೆ ನೀರಿನ ಪಾತ್ರೆ ಇಡಿರಿ. ಜ್ವರದ ದಿನಗಳಲ್ಲಿ ಪಾತ್ರೆ ತೆಗೆಯಿರಿ, ಹಾಸು ಒಣಗಿರಬೇಕು. ಐದನೆಯ ಹಂತಕ್ಕೆ 70 ಸಾಕು. ಚಳಿಯೂ ತೇವವೂ ಕೂಡಿದರೆ ಸುಣ್ಣಕಟ್ಟು ರೋಗಕ್ಕೆ ಹಬ್ಬ. ಹುಳು ಜ್ವರಕ್ಕೆ ಕೂರುವಾಗ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದರೆ ಹಾಸು ಒಣಗುತ್ತದೆ.

ಕೆಳಗಿನ ತಟ್ಟೆಗಳು ಯಾವಾಗಲೂ ಹೆಚ್ಚು ತಣ್ಣಗಿರುತ್ತವೆ. ಪ್ರತಿದಿನ ಅವನ್ನು ಮೇಲಕ್ಕೂ ಮೇಲಿನವನ್ನು ಕೆಳಕ್ಕೂ ಬದಲಿಸುತ್ತ ಬಂದರೆ ಹುಳುಗಳು ಒಟ್ಟಿಗೇ ಹಣ್ಣಾಗಿ ಚಂದ್ರಿಕೆಗೆ ಏರುತ್ತವೆ.