ಕೀ ಒತ್ತಿದಾಗ ಏನು ಹೋಗುತ್ತದೆ, ಮೊದಲು ನೋಡು

ತಮ್ಮಾ, ಬೀದರಿನಿಂದ ಹೋಗಿ ಜೀಡಿಮೆಟ್ಲಾದ ಕಾರ್ಖಾನೆಯೊಂದರ ಸಿಸ್ಟಮ್ ವಿಭಾಗಕ್ಕೆ ಸೇರಿದ್ದೀಯ ಎಂದು ನಿಮ್ಮಪ್ಪ ಹೇಳಿದಾಗ ಮನಸ್ಸು ತುಂಬಿತು. ಸ್ಟೋರ್ಸ್, ಡಿಸ್‌ಪ್ಯಾಚ್, ಗೇಟು ಎಲ್ಲ ಕಡೆ ಹಳೆಯ ಯುನಿಕ್ಸ್ ಪ್ರೋಗ್ರಾಮೇ ಇನ್ನೂ ಕಪ್ಪು ಪರದೆಯಲ್ಲಿ ನಡೆಯುತ್ತಿದೆಯಂತೆ, ಎಲ್ಲರೂ ವಿಂಡೋಸ್ ಪಿಸಿಯಲ್ಲಿ ಪುಟ್ಟಿ ತೆರೆದು ಒಳಗೆ ಹೋಗುತ್ತಾರಂತೆ. ಹಾಗಿದ್ದರೆ "ಸಾರ್, ಈ ಬಟನ್ ಪನಿ ಚೆಯ್ಯಟ್ಲೇದು" ಎಂಬ ದೂರು ಬೇಗನೇ ನಿನ್ನ ಟೇಬಲ್ಲಿಗೆ ಬರುತ್ತದೆ.

ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಗೇಟಿನಲ್ಲಿ ಲಾರಿ ನಿಂತಿರುತ್ತದೆ, ಇನ್‌ವರ್ಡ್ ಎಂಟ್ರಿ ಮಾಡುವ ಹೆಣ್ಣುಮಗಳು ಎಫ್-1 ಒತ್ತುತ್ತಾಳೆ, ಪರದೆಯ ಮೇಲೆ ಏನೋ ಕಸ ಬೀಳುತ್ತದೆ. "ನೀವೇ ತಪ್ಪು ಒತ್ತಿರಬೇಕಮ್ಮಾ" ಎಂದು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಅವಳು ಒತ್ತಿದ್ದು ಸರಿಯೇ ಇರುತ್ತದೆ. ಕೀಬೋರ್ಡು ಬದಲಿಸಿಯೂ ಪ್ರಯೋಜನವಿಲ್ಲ.

ನಡೆಯುವುದು ಹೀಗೆ. ಎಫ್-1 ಎಂಬ ಹೆಸರು ಸರ್ವರಿಗೆ ಹೋಗುವುದೇ ಇಲ್ಲ. ಹೋಗುವುದು ಪುಟ್ಟಿ ಕಟ್ಟಿಕೊಡುವ ಕೆಲವು ಬೈಟುಗಳು. ಮೇಲಿನ ಬಾಣದ ಕೀಗೆ ಸಾಮಾನ್ಯವಾಗಿ ಮೂರು: ಎಸ್ಕೇಪ್, ಚೌಕ ಕಂಸ, 'ಎ' ಅಕ್ಷರ. ಆ ಕಡೆಯ ಪ್ರೋಗ್ರಾಮು ಟರ್ಮ್ ಎಂಬ ವೇರಿಯಬಲ್ಲಿನಲ್ಲಿರುವ ಹೆಸರನ್ನು ಓದಿ, ಟರ್ಮಿನ್ಫೋ ಕಡತದಲ್ಲಿ ಆ ಹೆಸರಿನ ಪುಟ ತೆಗೆದು, ಬಂದ ಬೈಟುಗಳನ್ನು ಅದರೊಂದಿಗೆ ಹೋಲಿಸುತ್ತದೆ. ಕಳಿಸಿದ್ದೂ ಬರೆದಿದ್ದೂ ಕೂಡಿಬಂದರೆ ಅದು ಎಫ್-1. ಕೂಡಿಬರದಿದ್ದರೆ ಕಸ.

ಎಲ್ಲರಿಗೂ ಒಂದೇ ಸಂಕೇತ ಯಾಕಿಲ್ಲ ಎಂದು ನೀನು ಕೇಳಬಹುದು. 1978ರಲ್ಲಿ ಡಿಜಿಟಲ್ ಕಂಪನಿಯ ವಿಟಿ-100 ಟರ್ಮಿನಲ್ಲು ಬಂದಾಗ ಅದರಲ್ಲಿ ಎಫ್-ಕೀಗಳ ಸಾಲೇ ಇರಲಿಲ್ಲ. ನಂಬರ್ ಪ್ಯಾಡಿನ ಮೇಲ್ಸಾಲಿನಲ್ಲಿ ಪಿಎಫ್-1ರಿಂದ ಪಿಎಫ್-4ರವರೆಗೆ ನಾಲ್ಕು ಕೀಗಳು ಮಾತ್ರ. ಅವುಗಳಲ್ಲಿ ಮೊದಲನೆಯದು ಎಸ್ಕೇಪ್, 'ಓ', 'ಪಿ' ಕಳಿಸುತ್ತಿತ್ತು. ಮುಂದೆ 1983ರ ವಿಟಿ-220ಕ್ಕೆ ಎಫ್-ಕೀಗಳ ಸಾಲು ಬಂತು. ಆದರೆ ಅದರ ಮೊದಲ ಐದನ್ನು ಪರದೆ ತಡೆಹಿಡಿಯುವುದು, ಪ್ರಿಂಟು, ಸೆಟಪ್ಪು ಮುಂತಾದ ಟರ್ಮಿನಲ್ಲಿನದೇ ಕೆಲಸಗಳಿಗೆ ಇಟ್ಟುಕೊಂಡರು. ಸರ್ವರಿಗೆ ಸಂಖ್ಯೆಯ ಸಂಕೇತ ಹೋಗುತ್ತಿದ್ದುದು ಎಫ್-6ರಿಂದ, ಅದೂ 17 ಎಂಬ ಸಂಖ್ಯೆಯಿಂದ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಮು ತನ್ನ ಮೊದಲ ನಾಲ್ಕು ಎಫ್-ಕೀಗಳಿಗೆ ಆ ಹಳೆಯ ಪಿಎಫ್ ಸಂಕೇತಗಳನ್ನೇ ಹಿಡಿಯಿತು. ಎಸ್‌ಸಿಒ ಯುನಿಕ್ಸಿನ ದಾರಿ ಬೇರೆ, ಅಲ್ಲಿ ಎಫ್-1 ಅಂದರೆ ಎಸ್ಕೇಪ್, ಚೌಕ ಕಂಸ, 'ಎಂ'. 90ರ ದಶಕದಲ್ಲಿ ನಮ್ಮ ಕಡೆಯ ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ ಎಸ್‌ಸಿಒ ಓಡಾಡಿದೆ. ನಿಮ್ಮ ಪ್ರೋಗ್ರಾಮು ಆ ಕಾಲದ್ದಾಗಿದ್ದರೆ ಈ ಸಂಕೇತವನ್ನೇ ಕಾಯುತ್ತಾ ಕುಳಿತಿರಬಹುದು.

ಈಗ ಪುಟ್ಟಿಯ ಕಡೆ ಬಾ. ಸೈಮನ್ ಟ್ಯಾಥಮ್ ಅದನ್ನು 1999ರಲ್ಲಿ ಹೊರತಂದರು. ನಿನ್ನ ತಲೆನೋವಿನ ದೊಡ್ಡ ಪಾಲು ಅದರ ಮೂಲ ಸೆಟ್ಟಿಂಗಿನಲ್ಲೇ ಇದೆ. ಏನನ್ನೂ ಮುಟ್ಟದೆ ಬಿಟ್ಟರೆ ಅದು ಸರ್ವರಿಗೆ ತನ್ನ ಹೆಸರು ಎಕ್ಸ್‌ಟರ್ಮ್ ಎನ್ನುತ್ತದೆ. ಆದರೆ ಎಫ್-1 ಒತ್ತಿದರೆ ಕಳಿಸುವುದು ಎಸ್ಕೇಪ್, ಚೌಕ ಕಂಸ, 11, ಕೊನೆಗೊಂದು ಟಿಲ್ಡೆ. ಎಕ್ಸ್‌ಟರ್ಮಿನ ಪುಟದಲ್ಲಿರುವುದು ಎಸ್ಕೇಪ್, 'ಓ', 'ಪಿ'. ಹೇಳಿದ ಹೆಸರು ಒಂದು, ನಡೆದುಕೊಂಡ ರೀತಿ ಇನ್ನೊಂದು. ಸರಿಪಡಿಸಲು ಎರಡು ದಾರಿ. ಕೀಬೋರ್ಡ್ ಪುಟದಲ್ಲಿ ಫಂಕ್ಷನ್ ಕೀಗಳನ್ನು ಎಕ್ಸ್‌ಟರ್ಮ್ ಆರ್-6 ಮಾಡು. ಇಲ್ಲವೇ ಕನೆಕ್ಷನ್ ಕೆಳಗಿನ ಡೇಟಾ ಪುಟದಲ್ಲಿ ಟರ್ಮಿನಲ್ ಹೆಸರನ್ನೇ ಪುಟ್ಟಿ ಎಂದು ಬರೆ. ಎರಡನೆಯದಕ್ಕೆ ಮೊದಲು ಸರ್ವರಿನಲ್ಲಿ ಆ ಹೆಸರಿನ ಪುಟ ಇದೆಯೇ ಎಂದು ಇನ್ಫೋಸಿಎಂಪಿ ಕಮಾಂಡಿನಿಂದ ನೋಡು, ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಎಸ್‌ಸಿಒ ಕಾಲದ ಪ್ರೋಗ್ರಾಮಾದರೆ ಅದೇ ಕೀಬೋರ್ಡ್ ಪುಟದಲ್ಲಿ ಎಸ್‌ಸಿಒ ಎಂಬ ಆಯ್ಕೆಯೂ ಇದೆ.

ಯಾವುದನ್ನೂ ಊಹೆಯ ಮೇಲೆ ಬದಲಿಸಬೇಡ. ಯಾರ ಪಿಸಿಯಲ್ಲಿ ತೊಂದರೆಯೋ ಅದೇ ಪಿಸಿಯ ಮುಂದೆ ಕುಳಿತು, ಶೆಲ್ ಪ್ರಾಂಪ್ಟಿನಲ್ಲಿ ಕಂಟ್ರೋಲ್-ವಿ ಒತ್ತಿ, ಆಮೇಲೆ ಆ ಕೀ ಒತ್ತು. ಏನು ಹೋಗುತ್ತಿದೆಯೋ ಅದು ಕಣ್ಣಮುಂದೆ ಬರುತ್ತದೆ. ಟರ್ಮ್ ಏನಿದೆ ಎಂದು ಎಕೋ ಮಾಡಿ ನೋಡು. ಇವೆರಡು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಬ್ಯಾಕ್‌ಸ್ಪೇಸಿನ ಕಥೆಯೂ ಇಂಥದ್ದೇ, ಇನ್ನೂ ಹಳೆಯದು. ಕಾಗದದ ಟೇಪಿನ ಕಾಲದಲ್ಲಿ ತಪ್ಪಾದ ಅಕ್ಷರದ ಏಳೂ ರಂಧ್ರಗಳನ್ನು ಕೊರೆದು ಅಳಿಸುತ್ತಿದ್ದರು, ಅದಕ್ಕೇ ಆಸ್ಕಿಯಲ್ಲಿ ಡಿಲೀಟಿನ ಸಂಖ್ಯೆ 127. ಬ್ಯಾಕ್‌ಸ್ಪೇಸಿನದು 8, ಅಂದರೆ ಕಂಟ್ರೋಲ್-ಎಚ್. ವಿಟಿ-100ರಲ್ಲಿ ಎರಡೂ ಬೇರೆ ಬೇರೆ ಕೀಗಳು. ವಿಟಿ-220ರಲ್ಲಿ ಅಳಿಸುವ ಕೀ 127 ಕಳಿಸಿತು, ಐಬಿಎಂ ಪಿಸಿಯ ಸಂಪ್ರದಾಯ 8ನ್ನು ಹಿಡಿಯಿತು. ಪುಟ್ಟಿ ತಾನಾಗಿ 127 ಕಳಿಸುತ್ತದೆ. ಪ್ರಾಂಪ್ಟಿನಲ್ಲಿ ಬ್ಯಾಕ್‌ಸ್ಪೇಸ್ ಸರಿಯಾಗಿ ನಡೆದು ಪ್ರೋಗ್ರಾಮಿನೊಳಗೆ ಹೋದ ಕೂಡಲೇ ಕೆಟ್ಟರೆ ಗಾಬರಿಯಾಗಬೇಡ. ಬ್ಯಾಶ್ ಎರಡನ್ನೂ ಅರ್ಥಮಾಡಿಕೊಳ್ಳುತ್ತದೆ, ಎಲ್ಲ ಪ್ರೋಗ್ರಾಮುಗಳೂ ಅಷ್ಟು ಉದಾರಿಗಳಲ್ಲ. ಎಸ್‌ಟಿಟಿವೈ ಕಮಾಂಡಿನಲ್ಲಿ ಇರೇಸ್ ಎಂದು ಏನಿದೆ ನೋಡಿ ಅದಕ್ಕೆ ಪುಟ್ಟಿಯನ್ನು ಹೊಂದಿಸು.

ಕಂಟ್ರೋಲ್-ಎಸ್ ಬಗ್ಗೆ ಎಲ್ಲರಿಗೂ ಮೊದಲೇ ಹೇಳಿಡು. ಎಕ್ಸೆಲ್ಲಿನ ರೂಢಿಯಲ್ಲಿ ಸೇವ್ ಮಾಡಲು ಒತ್ತುತ್ತಾರೆ, ಪರದೆ ನಿಂತುಬಿಡುತ್ತದೆ. ಹೆದರಿ ಕಿಟಕಿ ಮುಚ್ಚಿದರೆ ಅರ್ಧ ಮಾಡಿದ ಜಿಆರ್‌ಎನ್ ಕಳೆದುಹೋಗಬಹುದು. ಕಂಟ್ರೋಲ್-ಕ್ಯೂ ಒತ್ತಿದರೆ ಸಾಕು, ಎಲ್ಲ ಮುಂದುವರಿಯುತ್ತದೆ.

ಸರ್ವರಿನ ಪ್ರೊಫೈಲಿನಲ್ಲಿ ಟರ್ಮ್ ಇದು ಎಂದು ಒಂದೇ ಹೆಸರನ್ನು ಎಲ್ಲರಿಗೂ ಹೇರುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟಾರು. ಕೇಳಬೇಡ. ಸಂಪರ್ಕವಾಗುವಾಗಲೇ ಪುಟ್ಟಿ ತನ್ನ ಹೆಸರನ್ನು ತಾನು ಹೇಳಿಕೊಳ್ಳುತ್ತದೆ. ನೀನು ಮೇಲಿಂದ ಬೇರೆ ಹೆಸರು ಅಂಟಿಸಿದರೆ ಒಂದು ಪಿಸಿ ಸರಿಹೋಗಿ ಇನ್ನು ನಾಲ್ಕು ಕೆಡುತ್ತವೆ. ಟೀಮಕ್ಸಿನೊಳಗೆ ಕೆಲಸ ಮಾಡುವವರಿಗಂತೂ ಇದು ಶುದ್ಧ ಕಾಟ, ಅದರೊಳಗಿನ ಹೆಸರೇ ಬೇರೆ.

ಇನ್ನೊಂದು ಮಾತು, ನಿನ್ನ ಸ್ವಂತ ಕುತೂಹಲಕ್ಕೆ. ಮನೆಯ ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡಿ ನೋಡು. ಯುಟಿಎಫ್-8ರಲ್ಲಿ 'ಕ' ಅಂದರೆ ಮೂರು ಬೈಟು, 'ಕ್ಷ' ಒಂಬತ್ತು. ಎಸ್‌ಟಿಟಿವೈಯಲ್ಲಿ ಐಯುಟಿಎಫ್-8 ಎಂಬ ಗುರುತು ಹಾಕಿರದಿದ್ದರೆ ಸರಳವಾಗಿ ಸಾಲು ಓದುವ ಪ್ರೋಗ್ರಾಮುಗಳಲ್ಲಿ ಒಂದು ಬ್ಯಾಕ್‌ಸ್ಪೇಸು ಒಂದೇ ಬೈಟನ್ನು ಅಳಿಸುತ್ತದೆ, ಅಕ್ಷರದ ಚೂರು ಉಳಿಯುತ್ತದೆ. ಟರ್ಮಿನಲ್ಲು ಪರದೆಯನ್ನು ಸಮ ಅಳತೆಯ ಚೌಕಗಳಾಗಿ ಭಾಗ ಮಾಡುವುದರಿಂದ ನಮ್ಮ ಒತ್ತಕ್ಷರಗಳು ಅಲ್ಲಿ ಇನ್ನೂ ಸರಿಯಾಗಿ ಕೂರುತ್ತಿಲ್ಲ. ನಿಮ್ಮ ಪೀಳಿಗೆಯ ಯಾರಾದರೂ ಅದರ ಮೇಲೆ ಕೈಹಾಕಬೇಕು ಎಂಬುದು ನನ್ನ ಬಹುಕಾಲದ ಆಸೆ.

ಕೆಲಸ ಮುಗಿದ ಮೇಲೆ ಪುಟ್ಟಿಯ ಸೆಷನ್ನನ್ನು ಹೆಸರು ಕೊಟ್ಟು ಸೇವ್ ಮಾಡುವುದನ್ನು ಮರೆಯಬೇಡ. ಅದು ವಿಂಡೋಸ್ ರಿಜಿಸ್ಟ್ರಿಯಲ್ಲಿ ಆಯಾ ಬಳಕೆದಾರರ ಹೆಸರಿನಡಿ ಉಳಿಯುತ್ತದೆ. ಹಗಲು ಪಾಳಿಯವರ ಲಾಗಿನ್ನಿನಲ್ಲಿ ಸರಿಪಡಿಸಿದ್ದು ಬೇರೆ ಲಾಗಿನ್ನಿನಿಂದ ಬರುವ ರಾತ್ರಿ ಪಾಳಿಯವರಿಗೆ ಕಾಣುವುದಿಲ್ಲ, ಅವರದ್ದನ್ನೂ ನೀನೇ ಮಾಡಿಟ್ಟು ಮನೆಗೆ ಹೊರಡು.