ಪಂಪಿಗೆ ಸ್ಪ್ಯಾನರ್ ಹಾಕುವ ಮುಂಚೆ

ಖಾಲಿ ಇದ್ದಾಗ ನಮ್ಮ ಹಳೇ ಡೀಸೆಲ್ ಪಿಕಪ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಬೈರಕೂರಲ್ಲಿ ಟೊಮೆಟೊ ಬಾಕ್ಸ್ ತುಂಬಿ, ಮುಳಬಾಗಿಲು ದಾಟಿ, ಹೆದ್ದಾರಿ 75ರಲ್ಲಿ ಕೋಲಾರದ ಎಪಿಎಂಸಿ ಕಡೆ ಹೊರಟ ಮೇಲೆ ಅದರ ವರಸೆ ಶುರು. ಏರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಒಂದೆರಡು ಜರ್ಕ್, ಆಮೇಲೆ ಎಳೆತವೇ ಇಲ್ಲ. ಪಕ್ಕಕ್ಕೆ ಹಾಕಿ ಟೀ ಕುಡಿದು ಬಂದರೆ ಮತ್ತೆ ಚೆನ್ನಾಗಿ ಓಡುತ್ತಿತ್ತು. ಅಷ್ಟರಲ್ಲಿ ಮಂಡಿಯಲ್ಲಿ ಹರಾಜು ಶುರುವಾಗಿರುತ್ತಿತ್ತು.

"ಪಂಪ್ ಹೋಗಿದೆ ಅಣ್ಣ, ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸೋಣ" ಅಂದ ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ಬಿಸಿಯಾದಾಗ ಸವೆದ ಪಂಪೂ ಸೋಲುತ್ತದೆ, ನಿಜ. ಆದರೆ ಆಗ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತಕರಾರು ಮಾಡಬೇಕಿತ್ತು. ನಮ್ಮದು ಒಂದೇ ಸೆಲ್ಫ್‌ಗೆ ಹೊತ್ತಿಕೊಳ್ಳುತ್ತಿತ್ತು.

ಮೊದಲು ಹೊಗೆ ನೋಡಿದೆವು. ಕಪ್ಪು ಹೊಗೆ ಉಗುಳುತ್ತಾ ಸೋತರೆ ಎಂಜಿನ್‌ಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ನಾಜಲ್ ಸುರಿಯುತ್ತಿದೆ ಎಂದರ್ಥ. ಏರ್ ಫಿಲ್ಟರ್, ಟರ್ಬೊ ಹೋಸ್ ನೋಡಬೇಕು. ಎಂಜಿನ್ ಕೂಗಿಕೊಂಡರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್. ನಮ್ಮದರಲ್ಲಿ ಹೊಗೆಯೂ ಇಲ್ಲ, ಕೂಗೂ ಇಲ್ಲ; ಎಂಜಿನ್ ಸುಮ್ಮನೆ ಇಳಿದುಹೋಗುತ್ತಿತ್ತು. ಅಂದರೆ ಡೀಸೆಲ್ ಸಾಲುತ್ತಿಲ್ಲ.

ಫಿಲ್ಟರ್ ಬದಲಾಯಿಸಿ, ತಳದ ನೀರು ಬಿಟ್ಟೆವು. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಪಾರದರ್ಶಕ ಹೋಸ್ ಹಾಕಿ ನೋಡಿದರೆ ಗಾಳಿಗುಳ್ಳೆಯೂ ಇಲ್ಲ, ಆದ್ದರಿಂದ ಎಲ್ಲೂ ಏರ್ ಎಳೆಯುತ್ತಿಲ್ಲ. ಆಮೇಲೆ ಮಾಡಿದ್ದೇ ನಿಜವಾದ ಪರೀಕ್ಷೆ. ಡೀಸೆಲ್ ತುಂಬಿದ ಕ್ಯಾನನ್ನು ಎಂಜಿನ್ ಪಕ್ಕ, ಸೈಲೆನ್ಸರ್ ಪೈಪಿನ ಬಿಸಿ ತಾಗದಂತೆ ಭದ್ರವಾಗಿ ಕಟ್ಟಿ, ಟ್ಯಾಂಕಿನ ಲೈನ್ ತಪ್ಪಿಸಿ ಎಳೆಯುವ ಪೈಪು, ರಿಟರ್ನ್ ಪೈಪು ಎರಡನ್ನೂ ಅದರೊಳಗೆ ಬಿಟ್ಟೆವು. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಲೋಡಿನ ಸಮೇತ ಅದೇ ಏರು ಹತ್ತಿಸಿದರೆ ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ಫೀಡ್ ಪಂಪ್, ದೊಡ್ಡ ಪಂಪ್, ನಾಜಲ್ ಎಲ್ಲವೂ ಒಂದೇ ಏಟಿಗೆ ನಿರ್ದೋಷಿ. ಉಳಿದದ್ದು ಟ್ಯಾಂಕ್ ಮತ್ತು ಅದರ ಲೈನ್.

ಮತ್ತೆ ಟ್ಯಾಂಕಿಗೆ ಜೋಡಿಸಿ ಓಡಿಸಿದೆವು. ಸೋತ ಜಾಗದಲ್ಲೇ ನಿಲ್ಲಿಸಿ ಮುಚ್ಚಳ ತಿರುಗಿಸಿದರೆ ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಡೀಸೆಲ್ ಖರ್ಚಾದಷ್ಟೂ ಗಾಳಿ ಒಳಗೆ ಬರಬೇಕು. ಮುಚ್ಚಳದ ಉಸಿರುತೂತಿಗೆ ತೋಟದ ಧೂಳು ಮತ್ತು ಡೀಸೆಲ್ ಸೇರಿ ಗಾರೆಯಂತೆ ಮೆತ್ತಿಕೊಂಡಿತ್ತು. ಒಳಗೆ ನಿರ್ವಾತ ಬೆಳೆದು ಪಂಪ್ ಎಳೆದರೂ ಎಣ್ಣೆ ಬರುತ್ತಿರಲಿಲ್ಲ. ನಿಂತಾಗ ಗಾಳಿ ನಿಧಾನಕ್ಕೆ ಸೋರಿ ಒಳಸೇರುತ್ತಿತ್ತು. ಟೀ ಆದ ಮೇಲಿನ ಚೇತರಿಕೆಯ ಗುಟ್ಟು ಅದು. ತೂತು ತೊಳೆದು ಏರ್ ಹೊಡೆದ ಮೇಲೆ ಆ ತೊಂದರೆ ಬಂದಿಲ್ಲ.

ಮೆಕ್ಯಾನಿಕ್‌ನನ್ನು ನಾನು ದೂರುವುದಿಲ್ಲ. ಪಂಪ್ ಬಿಚ್ಚಿದರೆ ಬಿಲ್ ಹಾಕಬಹುದು. ಕ್ಯಾನ್ ಕಟ್ಟಿ ಅರ್ಧ ದಿನ ತಲೆ ಓಡಿಸಿದ್ದಕ್ಕೆ ಕೂಲಿ ಕೊಡುವ ಗಿರಾಕಿಗಳು ನಮ್ಮಲ್ಲಿ ಕಡಿಮೆ. ನಾನು ಕೊಟ್ಟೆ, ಅವನೇ ಸಂಕೋಚಪಟ್ಟ.

ಈ ಕ್ಯಾನ್ ಕೆಲಸ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಗಾಡಿಯ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮದೊಳಕ್ಕೇ ಇಳಿಯುತ್ತದೆ. ಅಲ್ಲಿ ಸ್ಕ್ಯಾನರ್ ಹಾಕಿಸಿ. ಮುಚ್ಚಳವನ್ನು ಮಾತ್ರ ಯಾವ ಗಾಡಿಯದನ್ನಾದರೂ ತಿರುಗಿಸಿ ನೋಡಬಹುದು.